ಬೆಕ್ಕು ತಟ್ಟೆ ಮೂಸಿ ಹೊರಟುಹೋದರೆ...



ಕಳೆದ ವಾರ ಉಪ್ಪಿನ ಬಗ್ಗೆ ಬರೆದದ್ದನ್ನು ಓದಿ ತುಂಬಾ ಜನ ಪ್ರಶ್ನೆ ಕಳಿಸಿದ್ದೀರಿ. ಅವಕ್ಕೆ ಉತ್ತರ ಮುಂದೆ ಬರುತ್ತದೆ. ಈ ವಾರದ ವಿಷಯ ಸ್ವಲ್ಪ ಬೇರೆ: ಬೆಕ್ಕಿನ ಊಟ. ಹೃದಯದ ಡಾಕ್ಟರಿಗೂ ಬೆಕ್ಕಿನ ತಟ್ಟೆಗೂ ಏನು ಸಂಬಂಧ ಎಂದು ನಗಬೇಡಿ. ಸಂಬಂಧ ಇದೆ, ಹೇಳುತ್ತೇನೆ.

ಈಚೆಗೆ ಓಪಿಡಿಯಲ್ಲಿ ಬಿಪಿ, ಇಸಿಜಿ ಎಲ್ಲ ನೋಡಿ ಮಾತ್ರೆ ಬರೆದುಕೊಟ್ಟ ಮೇಲೆ ಕೆಲವರು ಬಾಗಿಲ ತನಕ ಹೋಗಿ ತಿರುಗಿ ನಿಲ್ಲುತ್ತಾರೆ. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನಮ್ಮನೇಲಿ ಒಂದು ಬೆಕ್ಕಿದೆ..." ಹೆಚ್ಚಿನವು ಮಕ್ಕಳು ಓದಿಗೋ ಕೆಲಸಕ್ಕೋ ದೂರ ಹೋದ ಮನೆಗಳು. ಮಗಳು ತಂದು ಸಾಕಿದ ಬೆಕ್ಕು ಈಗ ಅಪ್ಪ ಅಮ್ಮನ ಪಾಲಿಗೆ ಬಂದಿದೆ. ದೂರು ಮಾತ್ರ ಎಲ್ಲರದೂ ಒಂದೇ. ನಿನ್ನೆ ಟ್ಯೂನಾ ಪೌಚ್ ಹಾಕಿದರೆ ತಟ್ಟೆ ನೆಕ್ಕಿ ಹೊಳೆಯಿಸಿತ್ತು, ಇವತ್ತು ಅದನ್ನೇ ಮೂಸಿ ಬಾಲ ಎತ್ತಿಕೊಂಡು ಹೋಯಿತು. ಚಿಕನ್ ತಂದರೆ ಗ್ರೇವಿ ಮಾತ್ರ ನೆಕ್ಕಿತು. ಸಾಲ್ಮನ್ ತಂದರೆ ಮುಖ ತಿರುಗಿಸಿತು. ಮನೆಯ ಹಿರಿಯರ ತೀರ್ಪು ಆಗಲೇ ಬಂದಿರುತ್ತದೆ: "ಸೊಕ್ಕು ಅದಕ್ಕೆ. ಹಸಿದ್ರೆ ತಾನೇ ತಿನ್ನುತ್ತೆ, ಬಿಡು."

ಈ ಒಂದು ಮಾತಿಗಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಮಗುವಿಗೆ, ನಾಯಿಗೆ ಈ ಮಾತು ಬಹುಮಟ್ಟಿಗೆ ಸರಿ. ಬೆಕ್ಕಿಗೆ ಇದು ಪ್ರಾಣಾಪಾಯ.

ಏಕಾದಶಿ ಮಾಡುವವರಿಗೆ ಗೊತ್ತು, ಮನುಷ್ಯ ಒಂದೆರಡು ದಿನ ಊಟವಿಲ್ಲದೆ ಆರಾಮಾಗಿ ಇರಬಲ್ಲ. ಬೆಕ್ಕಿನ ದೇಹದ ಲೆಕ್ಕಾಚಾರ ಹಾಗಿಲ್ಲ. ಊಟ ನಿಂತರೆ ಅದರ ಮೈಯಲ್ಲಿರುವ ಕೊಬ್ಬು ಕರಗಿ ಲಿವರಿನ ಕಡೆ ಹರಿಯುತ್ತದೆ. ಹಾಗೆ ಬಂದ ಕೊಬ್ಬನ್ನು ಪ್ಯಾಕ್ ಮಾಡಿ ಹೊರಗೆ ಕಳಿಸಲು ಲಿವರಿಗೆ ಪ್ರೋಟೀನ್ ಬೇಕು, ಪ್ರೋಟೀನ್ ಬರಬೇಕಾದದ್ದು ಊಟದಿಂದ. ಊಟವೇ ಇಲ್ಲ. ಹಾಗಾಗಿ ಕೊಬ್ಬು ಲಿವರಿನಲ್ಲೇ ಸೇರಿಕೊಳ್ಳುತ್ತಾ ಹೋಗುತ್ತದೆ. ಲಿವರ್ ಕೆಟ್ಟಂತೆ ವಾಕರಿಕೆ ಶುರುವಾಗುತ್ತದೆ, ವಾಕರಿಕೆ ಬಂದ ಬೆಕ್ಕು ಊಟವನ್ನು ಮತ್ತಷ್ಟು ದೂರ ಇಡುತ್ತದೆ. ಇದಕ್ಕೆ ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ಚೆನ್ನಾಗಿ ಮೈ ತುಂಬಿಕೊಂಡ, ನೋಡಿದರೆ "ಇದಕ್ಕೇನು ಕೊರತೆ" ಅನ್ನಿಸುವ ಬೆಕ್ಕಿಗೇ ಇದು ಹೆಚ್ಚು. ಕಿವಿಯ ಒಳಬದಿ, ವಸಡು ಹಳದಿಯಾಗುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ಆಮೇಲೆ ಟ್ಯೂಬ್ ಹಾಕಿ ವಾರಗಟ್ಟಲೆ ಆಹಾರ ಕೊಟ್ಟು ಉಳಿಸಿಕೊಳ್ಳಬೇಕು. ಎಲ್ಲ ಬೆಕ್ಕೂ ಉಳಿಯುವುದಿಲ್ಲ.

ಆದ್ದರಿಂದ ನೆನಪಿಡಿ: *ದೊಡ್ಡ ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. 48 ಗಂಟೆ ದಾಟಲು ಬಿಡಬೇಡಿ. ಮರಿಯಾದರೆ ಅಷ್ಟು ಹೊತ್ತೂ ಕಾಯಬೇಡಿ.* ನಡುವೆ ಎರಡು ಚಮಚ ಹಾಲು ನೆಕ್ಕಿದ್ದನ್ನು ಊಟ ಎಂದು ಲೆಕ್ಕ ಹಾಕಬೇಡಿ.

ಇನ್ನೊಂದು ಸಂದರ್ಭದಲ್ಲಿ 24 ಗಂಟೆಯೂ ಇಲ್ಲ. ಗಂಡು ಬೆಕ್ಕು ಊಟ ಬಿಟ್ಟಿದೆ, ಮಣ್ಣಿನ ಟ್ರೇಗೆ ಮತ್ತೆ ಮತ್ತೆ ಹೋಗಿ ಕೂತು ಮುಕ್ಕಿರಿಯುತ್ತದೆ, ಮೂತ್ರ ಬರುತ್ತಿಲ್ಲ ಎಂದರೆ ಮೂತ್ರನಾಳ ಕಟ್ಟಿಕೊಂಡಿದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ನಿಧಾನವಾಗಿ ನಿಂತೇ ಹೋಗಬಹುದು. ಕಿಡ್ನಿ ಕೆಟ್ಟ ನಮ್ಮ ರೋಗಿಗಳಲ್ಲಿ ನಾವು ಹೆದರುವುದೂ ಇದೇ ಪೊಟ್ಯಾಸಿಯಂಗೆ. ರಾತ್ರಿಯಾಗಿದ್ದರೂ ಆಟೋ ಹಿಡಿದು ಹೊರಡಿ.

ಈಗ ಹಿರಿಯರ ಎರಡನೇ ಮಾತಿಗೆ ಬರೋಣ. "ಊರಲ್ಲಿ ಯಾವ ಬೆಕ್ಕಿಗೆ ಪೌಚ್ ಹಾಕಿದ್ವಿ? ಹಾಲನ್ನ, ಮೊಸರನ್ನ ತಿಂದೇ ದುಂಡಗಿತ್ತಲ್ಲ!" ಈ ವಾದ ಪುಣೆಯಲ್ಲೂ ಕೇಳಿದ್ದೇನೆ, ಡೊಂಬಿವಲಿಯವರ ಬಾಯಲ್ಲೂ ಕೇಳಿದ್ದೇನೆ. ದುಂಡಗಿತ್ತು, ನಿಜ. ಆದರೆ ಅದು ಹಾಲನ್ನದಿಂದ ಬದುಕಿರಲಿಲ್ಲ. ನಾವು ಹಾಕಿದ ಹಾಲನ್ನ ಅದಕ್ಕೆ ಸಂಜೆಯ ಕುರುಕಲು. ನಿಜವಾದ ಊಟ ಅಟ್ಟದ ಮೇಲೆ, ಕಣಜದ ಸಂದಿಯಲ್ಲಿ, ಹಿತ್ತಿಲಿನ ಹುಲ್ಲುಮೆದೆಯಲ್ಲಿ ನಡೆಯುತ್ತಿತ್ತು. ಇಲಿ, ಹಲ್ಲಿ, ಗುಬ್ಬಿ, ಜಿರಳೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗಾದೆ ಮಾಡಿದ ನಾವೇ ಆ ಚೆಲ್ಲಾಟದ ಕೊನೆಯಲ್ಲಿ ಊಟ ಇತ್ತು ಎನ್ನುವುದನ್ನು ಮರೆತಿದ್ದೇವೆ. ಕರಾವಳಿ ಕಡೆಯ ಮನೆಗಳಲ್ಲಿ ಬಂಗುಡೆ, ಬೂತಾಯಿಯ ತಲೆಯೂ ಸಿಗುತ್ತಿತ್ತು. ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಇಲಿ ಎಲ್ಲಿ? ಬಾಲ್ಕನಿಗೂ ಪಾರಿವಾಳದ ಬಲೆ. ಇಲ್ಲಿ ಹಾಲನ್ನ ಒಂದೇ ಹಾಕಿದರೆ ಅದು ಕುರುಕಲನ್ನೇ ತಿಂದು ಬದುಕಬೇಕು. ಹಾಲಿನ ವಿಷಯಕ್ಕೆ ಬಂದರೆ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಜೀರ್ಣವೂ ಆಗುವುದಿಲ್ಲ. ಭೇದಿಯಾಗುತ್ತದೆ.

ಒಂದು ಇಲಿಯಲ್ಲಿ ಏನಿದೆ ಎಂದು ನೋಡಿದರೆ ಬೆಕ್ಕಿಗೆ ಏನು ಬೇಕು ಎಂದು ತಿಳಿಯುತ್ತದೆ. ಶೇಕಡಾ 70ರ ಹತ್ತಿರ ನೀರು. ಉಳಿದದ್ದರಲ್ಲಿ ಹೆಚ್ಚು ಪ್ರೋಟೀನ್, ಸ್ವಲ್ಪ ಕೊಬ್ಬು, ಮೂಳೆಯ ಕ್ಯಾಲ್ಸಿಯಂ. ಅಕ್ಕಿ-ಗೋಧಿಯಂಥದ್ದು ಇಲ್ಲವೇ ಇಲ್ಲ ಎನ್ನಬಹುದು. ಜೊತೆಗೆ ಟಾರಿನ್.

ಟಾರಿನ್ ಎಂಬ ಹೆಸರನ್ನು ನಿಮ್ಮ ಮಕ್ಕಳು ಎನರ್ಜಿ ಡ್ರಿಂಕ್ ಡಬ್ಬಿಯ ಮೇಲೆ ಓದಿರುತ್ತಾರೆ. 1827ರಲ್ಲಿ ಜರ್ಮನಿಯಲ್ಲಿ ಇದನ್ನು ಮೊದಲು ಎತ್ತಿನ ಪಿತ್ತರಸದಿಂದ ಬೇರ್ಪಡಿಸಿದ್ದು. ಲ್ಯಾಟಿನ್ನಿನಲ್ಲಿ ಟಾರಸ್ ಎಂದರೆ ಗೂಳಿ, ಹಾಗಾಗಿ ಈ ಹೆಸರು. ನಮ್ಮ ದೇಹ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಬೇಕಾದಷ್ಟು ತಯಾರಿಸಲು ಬರುವುದಿಲ್ಲ, ಮಾಂಸದಿಂದಲೇ ಸಿಗಬೇಕು. ಗಿಡದ ಆಹಾರದಲ್ಲಿ, ಅನ್ನ-ಬೇಳೆಯಲ್ಲಿ ಇದು ಇಲ್ಲವೆಂದೇ ಹೇಳಬೇಕು.

ಇದು ಸಿಗದಿದ್ದರೆ ಏನಾಗುತ್ತದೆ? ಕಣ್ಣಿನ ರೆಟಿನಾ ಹಾಳಾಗುತ್ತದೆ ಎಂದು 1975ರಲ್ಲೇ ತಿಳಿದಿತ್ತು. ಹೃದಯದ ವಿಷಯ ತಿಳಿದದ್ದು 1987ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿದ್ದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಹೃದಯದ ಗೋಡೆ ತೆಳುವಾಗಿ, ಬಲೂನಿನಂತೆ ಹಿಗ್ಗಿ, ರಕ್ತ ಒತ್ತುವ ಶಕ್ತಿ ಕಳೆದುಕೊಂಡ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರಾ ಕಡಿಮೆ ಇತ್ತು. ಟಾರಿನ್ ಕೊಟ್ಟ ಮೇಲೆ ಅಂಥ ಹೃದಯಗಳು ಎಕೋದಲ್ಲಿ ಚೇತರಿಸಿಕೊಂಡವು. ನಾವು ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನುವ ಕಾಯಿಲೆ ಇದು. ಮನುಷ್ಯರಲ್ಲಿ ಈ ಕಾಯಿಲೆಗೆ ನಾಲ್ಕು ಬಗೆಯ ಮಾತ್ರೆ ಕೊಟ್ಟು, ವರ್ಷಗಟ್ಟಲೆ ಎಕೋ ಮಾಡಿಸುತ್ತಾ ಕಾಯುವ ನನ್ನಂಥವರಿಗೆ, ಊಟದಲ್ಲಿ ಒಂದು ಅಂಶ ಸೇರಿಸಿದ್ದಕ್ಕೆ ಹೃದಯ ಮೊದಲಿನಂತಾಯಿತು ಎಂದು ಓದಿದರೆ ಹೊಟ್ಟೆಕಿಚ್ಚಾಗುತ್ತದೆ.

ಗಮನಿಸಿ, ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಮೊಸರನ್ನವಲ್ಲ, ಅಂಗಡಿಯ ಬೆಕ್ಕಿನ ಆಹಾರವನ್ನೇ. ಆಮೇಲೆ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು, ಈ ಕಾಯಿಲೆ ಅಪರೂಪವಾಯಿತು. ಇವತ್ತು ಅಮೆರಿಕದ ಮಾನದಂಡದಲ್ಲಿ ಒಣ ಕಾಳಿನ ಆಹಾರಕ್ಕೆ ಕನಿಷ್ಠ 0.1 ಶೇಕಡಾ ಟಾರಿನ್ ಇದ್ದರೆ ಸಾಕು, ಡಬ್ಬಿಯ ಹಸಿ ಆಹಾರಕ್ಕೆ 0.2 ಶೇಕಡಾ ಬೇಕು, ನೀರಿನಂಶ ಬಿಟ್ಟು ಲೆಕ್ಕ ಹಾಕಿದಾಗ. ಡಬ್ಬಿಯಲ್ಲಿ ಜೋರು ಬಿಸಿಗೆ ಬೆಂದ ಆಹಾರ ತಿಂದಾಗ ಕರುಳಿನ ಬ್ಯಾಕ್ಟೀರಿಯಾಗಳು ಟಾರಿನ್ನನ್ನು ಹೆಚ್ಚು ಒಡೆದುಹಾಕುತ್ತವೆ, ಅದಕ್ಕೇ ಈ ದುಪ್ಪಟ್ಟು.

ಹೃದಯದ ಮಾತು ಬಂದದ್ದರಿಂದ ಒಂದು ಪಕ್ಕದ ಸಂಗತಿ. ಬೆಕ್ಕುಗಳಲ್ಲಿ ಈಗ ಹೆಚ್ಚು ಕಾಣುವ ಹೃದಯರೋಗ ಇದರ ಉಲ್ಟಾ, ಗೋಡೆ ದಪ್ಪವಾಗುವುದು. ಅದು ಊಟದಿಂದ ಬರುವುದಲ್ಲ. ಮೇನ್ ಕೂನ್ ಎಂಬ ದೊಡ್ಡ ಜಾತಿಯ ಬೆಕ್ಕಿನಲ್ಲಿ ಇದಕ್ಕೆ ಕಾರಣವಾದ ಜೀನ್ ದೋಷವನ್ನು 2005ರಲ್ಲಿ ಗುರುತಿಸಿದರು. ಅದೇ ಜೀನಿನ ಇನ್ನೊಂದು ದೋಷ ನಮ್ಮ ಉಪಖಂಡದ ಸುಮಾರು 4 ಶೇಕಡಾ ಜನರಲ್ಲಿದೆ ಎಂದು 2009ರಲ್ಲಿ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿದ್ದ ತಂಡ ತೋರಿಸಿತು. ಬೆಕ್ಕಿಗೂ ನಮಗೂ ನೆಂಟಸ್ತನ ಇದ್ದೇ ಇದೆ.

ಸರಿ, ಫ್ಲೇವರ್ ವಿಷಯ. ಪೌಚಿನ ಮೇಲೆ ಬರೆದ ಹೆಸರು ನಮಗಾಗಿ, ಬೆಕ್ಕಿಗಾಗಿ ಅಲ್ಲ. ಬೆಕ್ಕಿನ ನಾಲಿಗೆಯಲ್ಲಿ ರುಚಿಮೊಗ್ಗುಗಳು ಐನೂರರೊಳಗೆ, ನಮ್ಮಲ್ಲಿ ಸಾವಿರಗಟ್ಟಲೆ. ಸಿಹಿಯಂತೂ ಅದಕ್ಕೆ ಗೊತ್ತೇ ಇಲ್ಲ. ಸಿಹಿ ಹಿಡಿಯುವ ಗ್ರಾಹಕಕ್ಕೆ ಬೇಕಾದ ಒಂದು ಜೀನ್ ಬೆಕ್ಕಿನ ವಂಶದಲ್ಲೇ ಕೆಟ್ಟು ಕೂತಿದೆ ಎಂದು 2005ರಲ್ಲಿ ಫಿಲಡೆಲ್ಫಿಯಾದ ಮೋನೆಲ್ ಸಂಸ್ಥೆಯವರು ಕಂಡುಹಿಡಿದರು. ನಿಮ್ಮ ಬೆಕ್ಕು ಪೇಡ ನೆಕ್ಕಿದರೆ ಅದು ಹಾಲಿನ ಕೊಬ್ಬಿಗೆ, ಸಕ್ಕರೆಗಲ್ಲ. ಅದಕ್ಕೆ ಚೆನ್ನಾಗಿ ಗೊತ್ತಾಗುವುದು ಮಾಂಸದ ರುಚಿ, ಉಮಾಮಿ ಎನ್ನುತ್ತಾರಲ್ಲ ಅದು. 2023ರಲ್ಲಿ ಬ್ರಿಟನ್ನಿನ ವಾಲ್ಥಮ್ ಸಂಸ್ಥೆಯ ವಿಜ್ಞಾನಿಗಳು ಈ ರುಚಿಯ ಗ್ರಾಹಕ ಬೆಕ್ಕಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಟ್ಯೂನಾ ಮೀನಿನಲ್ಲಿ ಒಟ್ಟಿಗೆ ಸಿಗುವ ಎರಡು ಅಂಶಗಳು ಬೆಕ್ಕಿಗೆ ವಿಶೇಷವಾಗಿ ಇಷ್ಟ ಎಂದೂ ಗೊತ್ತಾಯಿತು. ಬೆಕ್ಕು ಟ್ಯೂನಾಗೆ ಬೀಳುವುದು ಸುಮ್ಮನೆ ಅಲ್ಲ.

ಆದರೂ ಅಂಗಡಿಯಲ್ಲಿ ಟ್ಯೂನಾ, ಓಷನ್ ಫಿಶ್, ಮ್ಯಾಕರೆಲ್ ಎಂದು ಹುಡುಕುತ್ತಾ ನಿಲ್ಲುವ ಮೊದಲು ಹಿಂಬದಿಯ ಸಣ್ಣ ಅಕ್ಷರ ಓದಿ. ಅಮೆರಿಕದ ನಿಯಮದಲ್ಲಿ "ವಿತ್ ಟ್ಯೂನಾ" ಎಂದು ಬರೆಯಲು 3 ಶೇಕಡಾ ಟ್ಯೂನಾ ಇದ್ದರೆ ಸಾಕು. "ಟ್ಯೂನಾ ಫ್ಲೇವರ್" ಎಂದಿದ್ದರೆ ಅಷ್ಟೂ ಬೇಕಿಲ್ಲ. ನೀವು ಹುಡುಕಬೇಕಾದ ಪದ ಒಂದೇ: "ಕಂಪ್ಲೀಟ್". ಅಂದರೆ ಟಾರಿನ್, ಕ್ಯಾಲ್ಸಿಯಂ, ವಿಟಮಿನ್ ಎಲ್ಲ ಸೇರಿ ಅದೊಂದೇ ತಿಂದು ಬದುಕಬಹುದು. "ಕಾಂಪ್ಲಿಮೆಂಟರಿ" ಎಂದಿದ್ದರೆ ಅದು ಉಪ್ಪಿನಕಾಯಿ ಇದ್ದಹಾಗೆ, ಊಟದ ಜೊತೆಗೆ ಮಾತ್ರ. ಟ್ಯೂಬಿನಿಂದ ಹಿಂಡಿ ನೆಕ್ಕಿಸುವ ಕ್ರೀಮ್, ಬರೀ ಟ್ಯೂನಾ ಎಸಳು ತೇಲುವ ಚಿಕ್ಕ ಡಬ್ಬಿಗಳಲ್ಲಿ ಬಹಳಷ್ಟು ಈ ಜಾತಿಗೆ ಸೇರಿದವು. ಬೆಕ್ಕು ಅದನ್ನೇ ಬೇಡುತ್ತದೆ, ಮಕ್ಕಳು ಚಿಪ್ಸ್ ಬೇಡಿದ ಹಾಗೆ.

ಇನ್ನು ನಖರೆಗೆ ಮದ್ದು. ಬೆಕ್ಕು ಮೊದಲು ತಿನ್ನುವುದು ಮೂಗಿನಿಂದ. ಫ್ರಿಜ್ಜಿನಿಂದ ತೆಗೆದ ಪೌಚಿಗೆ ವಾಸನೆಯೇ ಇರುವುದಿಲ್ಲ, ಅದಕ್ಕೇ ನಿನ್ನೆ ಅರ್ಧ ತಿಂದದ್ದನ್ನು ಇವತ್ತು ಬಿಡುತ್ತದೆ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟು ಉಗುರುಬೆಚ್ಚಗೆ ಮಾಡಿ ಹಾಕಿ. ಬೆಕ್ಕಿಗೆ ಹಿಡಿಸುವ ಬಿಸಿ ಸುಮಾರು 37 ಡಿಗ್ರಿ, ಹೆಚ್ಚುಕಡಿಮೆ ಈಗಷ್ಟೇ ಹಿಡಿದ ಇಲಿಯ ಮೈಬಿಸಿ. ಫ್ಲೇವರ್ ಬದಲಿಸುವ ಮೊದಲು ಇದೊಂದನ್ನು ಮಾಡಿ ನೋಡಿ, ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ. ಗ್ರೇವಿ ಮಾತ್ರ ನೆಕ್ಕಿ ತುಂಡು ಬಿಡುವ ಬೆಕ್ಕಿಗೆ ತುಂಡುಗಳನ್ನು ಚಮಚದಲ್ಲಿ ಕಿವುಚಿ, ಒಂದೆರಡು ಚಮಚ ಬೆಚ್ಚನೆಯ ನೀರು ಬೆರೆಸಿ. ಕೆಲವಕ್ಕೆ ಜೆಲ್ಲಿ ಇಷ್ಟ, ಕೆಲವಕ್ಕೆ ನುಣ್ಣಗೆ ರುಬ್ಬಿದ್ದು. ಮೀನೋ ಕೋಳಿಯೋ ಎನ್ನುವುದಕ್ಕಿಂತ ಈ ಹದದ ಜಗಳವೇ ಹೆಚ್ಚು. ತಟ್ಟೆ ಮಣ್ಣಿನ ಟ್ರೇಯಿಂದ ದೂರ ಇರಲಿ. ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಹಾಕಿ, ಯಾಕೆಂದರೆ ಅದರ ಹೊಟ್ಟೆಗೆ ಒಂದೊಂದು ಊಟವೂ ಒಂದು ಇಲಿಯಷ್ಟೇ. ಮುಂಬೈ, ಚೆನ್ನೈ ಸೆಕೆಯಲ್ಲಿ ತಟ್ಟೆಯಲ್ಲಿ ಉಳಿದದ್ದನ್ನು ಒಂದು ಗಂಟೆಯ ಮೇಲೆ ಇಡಬೇಡಿ.

ಲೆಕ್ಕವೂ ಇರಲಿ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಬೇಕು. 80-85 ಗ್ರಾಂ ಪೌಚಿನಲ್ಲಿ ಸುಮಾರು 60ರಿಂದ 80 ಇರುತ್ತದೆ. ದಿನಕ್ಕೆ ಮೂರು ಪೌಚ್ ಎಂದರೆ ತಿಂಗಳ ಖರ್ಚು ಕಡಿಮೆಯಲ್ಲ. ಬೆಳಗ್ಗೆ ರಾತ್ರಿ ಹಸಿ, ನಡುವೆ ಒಣ ಕಾಳು ಹಾಕಿದರೂ ಆದೀತು, ಎರಡೂ ಕಂಪ್ಲೀಟ್ ಆಗಿದ್ದರೆ. ಹಸಿಯನ್ನು ಪೂರ್ತಿ ಬಿಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ಬೆಕ್ಕಿಗೆ ಬಾಯಾರಿಕೆ ಕಡಿಮೆ, ಅದು ನೀರನ್ನು ಊಟದಲ್ಲೇ ಪಡೆಯುವ ಪ್ರಾಣಿ. ಪೌಚಿನಲ್ಲಿ 75-80 ಶೇಕಡಾ ನೀರಿದ್ದರೆ ಕಾಳಿನಲ್ಲಿ ಹತ್ತರ ಆಸುಪಾಸು.

ಮನೆಯಲ್ಲಿ ಕೋಳಿ ಬೇಯಿಸಿ ಹಾಕುವವರು ಉಪ್ಪು, ಮಸಾಲೆ ಇಲ್ಲದೆ ಬೇಯಿಸಿ, ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ಅದರೊಳಗೆ ಇಳಿದಿರುತ್ತದೆ. ಎದೆಯ ಬಿಳಿ ಮಾಂಸಕ್ಕಿಂತ ಕಾಲಿನ ಮಾಂಸದಲ್ಲಿ ಟಾರಿನ್ ಹೆಚ್ಚು, ಕೋಳಿಯ ಹೃದಯದಲ್ಲೂ ಚೆನ್ನಾಗಿದೆ. ಆದರೆ ಮಾಂಸ ಒಂದೇ ಸಾಲದು. ಕ್ಯಾಲ್ಸಿಯಂ ಸಿಗದೆ ಮರಿಗಳ ಮೂಳೆ ಮೆತ್ತಗಾಗಿ ಮುರಿಯುತ್ತದೆ. ಸಾರಿನ ತುಂಡನ್ನು ತೊಳೆದು ಹಾಕುವ ಅಭ್ಯಾಸ ಬಿಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ತೊಳೆದರೆ ಹೋಗುವುದಿಲ್ಲ. ಊಟ ಬಿಟ್ಟ ಬೆಕ್ಕಿಗೆ ಜ್ವರ ಇರಬಹುದೆಂದು *ಪ್ಯಾರಾಸಿಟಮಾಲ್ ಚೂರನ್ನೂ ಕೊಡಬೇಡಿ.* ಅರ್ಧ ಮಾತ್ರೆ ಸಾಕು, ಬೆಕ್ಕು ಸಾಯಲು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತು. ಕೃಷ್ಣದೇವರಾಯ ಬೆಕ್ಕು ಸಾಕಲು ಹಸು ಕೊಟ್ಟ. ಎಲ್ಲರ ಬೆಕ್ಕೂ ಹಾಲು ಕುಡಿದು ಕೊಬ್ಬಿದವು. ರಾಮಕೃಷ್ಣನ ಬೆಕ್ಕು ಮಾತ್ರ ಹಾಲು ಕಂಡರೆ ಓಡುತ್ತಿತ್ತು, ಏಕೆಂದರೆ ಮೊದಲ ದಿನವೇ ಕುದಿಯುವ ಹಾಲಿಟ್ಟು ಬಾಯಿ ಸುಡಿಸಿದ್ದ. ಕಥೆಯಲ್ಲಿ ನಗು ಬರುತ್ತದೆ, ಆದರೆ ಬೆಕ್ಕಿನ ಸ್ವಭಾವ ಪಕ್ಕಾ. ವಾಕರಿಕೆ ಬಂದ ದಿನ ತಿಂದ ಫ್ಲೇವರನ್ನು ಅದು ತಿಂಗಳುಗಟ್ಟಲೆ ಮುಟ್ಟದಿರಬಹುದು. ಇಷ್ಟದ ಪೌಚಿನಲ್ಲಿ ಕಹಿ ಮಾತ್ರೆ ಪುಡಿಮಾಡಿ ಬೆರೆಸಿದರೆ ಮಾತ್ರೆಯ ಜೊತೆ ಪೌಚೂ ಹೋಯಿತು. ಬಾಯಿ ಬಿಡಿಸಿ ತುರುಕಬೇಡಿ. ಹೊಸ ಆಹಾರವನ್ನು ಹಳೆಯದರ ಜೊತೆ ಒಂದು ಚಮಚದಿಂದ ಶುರುಮಾಡಿ ಏಳರಿಂದ ಹತ್ತು ದಿನದಲ್ಲಿ ಬದಲಿಸಿ. ಮರಿಯಾಗಿದ್ದಾಗಲೇ ನಾಲ್ಕೈದು ರುಚಿ, ಎರಡು ಮೂರು ಹದ ಅಭ್ಯಾಸ ಮಾಡಿಸಿದರೆ ಮುಂದೆ ನಖರೆ ಕಡಿಮೆ.

ಸಸ್ಯಾಹಾರಿ ಮನೆಗಳ ಸಂಕಟ ನನಗೆ ಅರ್ಥವಾಗುತ್ತದೆ. ಎಷ್ಟೋ ಮನೆಗಳಲ್ಲಿ ಬಾಲ್ಕನಿಯಲ್ಲಿ ಬೇರೆ ತಟ್ಟೆ, ಬೇರೆ ಚಮಚ, ಬೇರೆ ಸ್ಪಂಜು ಇಟ್ಟು ನಡೆಸುತ್ತಾರೆ. ಅತ್ತೆಯವರ ಒಪ್ಪಿಗೆ ಇಲ್ಲದೆ ಗ್ಲೌಸ್ ಹಾಕಿಕೊಂಡು ಪೌಚ್ ಬಿಚ್ಚುವ ಸೊಸೆಯಂದಿರೂ ಇದ್ದಾರೆ. ಶ್ರಾವಣದಲ್ಲಿ ಅದನ್ನೂ ನಿಲ್ಲಿಸಿದವರನ್ನು ಕಂಡಿದ್ದೇನೆ. ಅತ್ತೆಯವರೇ, ಕೈಮುಗಿದು ಹೇಳುತ್ತೇನೆ, ಶ್ರಾವಣ ನಮಗೆ, ಬೆಕ್ಕಿಗಲ್ಲ. ಪೌಚ್ ಕೂಡ ಮನೆಯೊಳಗೆ ಬರಬಾರದು ಎಂದಾದರೆ ಬೆಕ್ಕನ್ನು ಸಾಕದಿರುವುದು ಒಳ್ಳೆಯದು, ಮೊಲ ಸಾಕಿ. ಗಿಳಿ ಬೇಡ, ನಮ್ಮ ದೇಶದ ಗಿಳಿಯನ್ನು ಪಂಜರದಲ್ಲಿಡುವುದು ಕಾನೂನಿಗೆ ವಿರುದ್ಧ.

ನಮ್ಮಂಥವರಿಗೆ ಇನ್ನೊಂದು ಗಂಡಾಂತರ ಊರಿಗೆ ಹೋಗುವ ದಿನಗಳು. ಮೇ ರಜೆ, ಗಣಪತಿ ಹಬ್ಬ, ಮದುವೆ ಎಂದು ಹತ್ತು ದಿನ ಬೆಕ್ಕನ್ನು ಪಕ್ಕದ ಮನೆಯವರಿಗೋ ಬೋರ್ಡಿಂಗಿಗೋ ಬಿಟ್ಟು ಹೋಗುತ್ತೇವೆ. ಹೊಸ ಜಾಗ ಎಂದರೆ ಬೆಕ್ಕು ಊಟ ಬಿಡುವುದು ಸಾಮಾನ್ಯ. ಅವರು ತಟ್ಟೆ ತುಂಬಿಸಿ ಹೋಗುತ್ತಾರೆ, ಖಾಲಿಯಾಯಿತೇ ಎಂದು ನೋಡುವವರಿಲ್ಲ. ಅದೇ ಪೌಚ್, ಅದೇ ತಟ್ಟೆ, ನಿಮ್ಮ ಹಳೆಯ ಸೀರೆಯ ತುಂಡೊಂದನ್ನು ಕೊಟ್ಟುಹೋಗಿ. ದಿನಾ ಸಂಜೆ ತಟ್ಟೆಯ ಫೋಟೋ ವಾಟ್ಸಾಪ್ ಮಾಡಲು ಹೇಳಿ, ಬೆಕ್ಕಿನ ಫೋಟೋ ಅಲ್ಲ.

ಎಲ್ಲ ಮಾಡಿಯೂ ತಿನ್ನುತ್ತಿಲ್ಲವೆಂದರೆ ಅದು ನಖರೆಯಲ್ಲ. ಹಲ್ಲುನೋವಿದ್ದರೆ ತಟ್ಟೆಯ ತನಕ ಬಂದು, ತಿನ್ನಲು ಹೋಗಿ, ಜೊಲ್ಲು ಸುರಿಸಿ ಹಿಂದೆ ಸರಿಯುತ್ತದೆ. ಮೂಗು ಕಟ್ಟಿದ್ದರೆ ವಾಸನೆ ತಿಳಿಯದೆ ಬಿಡುತ್ತದೆ. ವಯಸ್ಸಾದ ಬೆಕ್ಕಿಗೆ ಕಿಡ್ನಿ ಇರಬಹುದು. ಹೃದಯವೂ ಇರಬಹುದು, ಅದಕ್ಕೊಂದು ಸುಲಭ ಪರೀಕ್ಷೆ ಹೇಳುತ್ತೇನೆ. ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ಗಡಿಯಾರ ಹಿಡಿದು ಒಂದು ನಿಮಿಷ ಎದೆ ಎಷ್ಟು ಸಲ ಏರಿ ಇಳಿಯಿತು ಎಂದು ಎಣಿಸಿ. ಏರಿ ಇಳಿದರೆ ಒಂದು. 30ಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಸಲ ಎಣಿಸಿ, ಆಗಲೂ ಹಾಗೇ ಇದ್ದರೆ ಅವತ್ತೇ ಪಶುವೈದ್ಯರಿಗೆ ತೋರಿಸಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಕಿರುಚಿ ಹಿಂಗಾಲು ಎಳೆಯತೊಡಗಿ ಆ ಕಾಲು ತಣ್ಣಗಿದ್ದರೆ, ಎಣಿಸುತ್ತಾ ಕೂರಬೇಡಿ.

ಮುಂಬೈಯವರಿಗೆ ಪರೇಲಿನ ಬಾಯಿ ಸಕರಬಾಯಿ ದಿನ್‌ಷಾ ಪೆಟಿಟ್ ಪ್ರಾಣಿ ಆಸ್ಪತ್ರೆ, ಚೆನ್ನೈಯವರಿಗೆ ವೇಪೇರಿಯ ಮದ್ರಾಸ್ ವೆಟರಿನರಿ ಕಾಲೇಜಿನ ಆಸ್ಪತ್ರೆ ಇದೆ. ಬೇರೆ ಊರಿನವರು ಮನೆ ಹತ್ತಿರ ರಾತ್ರಿ ಹೊತ್ತು ಯಾವ ಪಶುವೈದ್ಯರು ಸಿಗುತ್ತಾರೆ ಎಂದು ಇವತ್ತೇ ವಿಚಾರಿಸಿ ನಂಬರ್ ಸೇವ್ ಮಾಡಿಕೊಳ್ಳಿ. ಬೆಕ್ಕು ಸಾಕಿರುವ ನೆಂಟರಿಗೆ ಇದನ್ನು ಕಳಿಸಿ.

ಮುಂದಿನ ಭಾನುವಾರ: ಉಪ್ಪಿನ ಬಗ್ಗೆ ನೀವು ಕೇಳಿದ ಪ್ರಶ್ನೆಗಳು.